ಇಲಿ ಕಡಿದ ತಾತನ ರೇಡಿಯೊ: ಒಂಬತ್ತು ವೈರು, ಯಾವುದು ಎಲ್ಲಿಗೆ?

ಪಾಂಡವಪುರದ ಹೈದ

ಎಲ್ಲರಿಗೂ ನಮಸ್ಕಾರ. ಊರು ಪಾಂಡವಪುರದ ಹತ್ತಿರ, ಕೆಲಸ ಮೈಸೂರಲ್ಲಿ. ಹೋದ ವಾರ ಊರಿಗೆ ಹೋದಾಗ ಅಟ್ಟದಿಂದ ತಾತನ ಟ್ರಾನ್ಸಿಸ್ಟರ್ ಇಳಿಸಿದೆ. ನಮ್ಮ ಆಲೆಮನೆ ನಡೀತಿದ್ದಷ್ಟು ವರ್ಷ ಅದು ಅಲ್ಲೇ ಕಂಬದ ಮೊಳೆಗೆ ನೇತಾಡ್ತಿತ್ತಂತೆ. ಕೊಪ್ಪರಿಗೆ ಕಾಯೋರಿಗೆ ರಾತ್ರಿಯೆಲ್ಲ ಅದೇ ಜೊತೆ. ಆಲೆಮನೆ ನಿಂತಮೇಲೆ ಅಟ್ಟ ಸೇರಿತು, ಇಲಿ ಸಂಸಾರ ಹೂಡಿತು.

ಮರದ ಡಬ್ಬ, ಮುಂದೆ ಬಟ್ಟೆ, ಹೆಸರಿನ ಪಟ್ಟಿ ಉದುರಿ ಎರಡು ತೂತು ಉಳಿದಿದೆ. ಎರಡು ಬ್ಯಾಂಡು, ನಾಲ್ಕು ದಪ್ಪ ಶೆಲ್ಲು. ಹಿಂದಿನ ರಟ್ಟು ತೆಗೆದರೆ ಬೆಲ್ಲದ ಅಂಟು, ಸತ್ತ ಇರುವೆ, ಕಡ್ಲೆಕಾಯಿ ಸಿಪ್ಪೆ, ಜೊತೆಗೆ ಪೋಸ್ಟಾಫೀಸಿನ ರೇಡಿಯೊ ಲೈಸೆನ್ಸ್ ಪುಸ್ತಕ ಅರ್ಧ. ಎಣಿಸಿದೆ, ಒಂಬತ್ತು ವೈರು ತುಂಡಾಗಿವೆ. ಶೆಲ್ಲಿನ ಮನೆಯಿಂದ ಬರೋವು ಎರಡು, ಸ್ಪೀಕರಿಂದು ಎರಡು, ಕರೀ ಕಡ್ಡಿಗೆ ಸುತ್ತಿರೋ ಸಣ್ಣ ವೈರು ನಾಲ್ಕು, ಇನ್ನೊಂದು ಎಲ್ಲಿಯದೋ ಗೊತ್ತಿಲ್ಲ. ಬಣ್ಣಗಳೆಲ್ಲ ಹೊಗೆಗೆ ಒಂದೇ ಕಂದು ಆಗೋಗಿವೆ.

25 ವ್ಯಾಟಿನ ಸೋಲ್ಡರಿಂಗ್ ಐರನ್ ತರಿಸಿದ್ದೀನಿ. ಹಿಂದೆ ಯಾವತ್ತೂ ಬೆಸುಗೆ ಹಾಕಿದೋನಲ್ಲ. ಎಲ್ಲಿಂದ ಶುರು ಮಾಡಲಿ?

ಮದ್ದೂರು ವಡೆ

ಇಲಿ ಇನ್ನೂ ಒಳಗಿಲ್ಲ ಅಂತ ಖಾತ್ರಿ ಮಾಡ್ಕೊಂಡು ಶುರು ಮಾಡು ಗುರು.

ಹಳೇ ಮೆಕ್ಯಾನಿಕ್

ಐರನ್ನು ಪಕ್ಕಕ್ಕಿಡಿ. ಇವತ್ತು ಅದರ ಕೆಲಸ ಇಲ್ಲ. ಒಂದು ಹಾಳೆ, ಒಂದು ಪೆನ್ಸಿಲ್ಲು ತಗೊಳ್ಳಿ.

ಮೈಸೂರಲ್ಲಿ ಮೂವತ್ತು ವರ್ಷದ ಮೇಲೆ ರೇಡಿಯೊ ಅಂಗಡಿ ಇಟ್ಟಿದ್ದವನು ನಾನು. ತಾನಾಗಿ ಕೆಟ್ಟು ಬಂದ ಸೆಟ್ಟಿಗಿಂತ, ಯಾರೋ ಕೈಯಾಡಿಸಿ ಕೆಡಿಸಿ ತಂದ ಸೆಟ್ಟೇ ಜಾಸ್ತಿ ನೋಡಿದ್ದೀನಿ. ಫೋಟೊ ತೆಗೀರಿ, ಬೇಡ ಅನ್ನಲ್ಲ. ಆದರೆ ಫೋಟೊದಲ್ಲಿ ಒಂದು ವೈರಿನ ಹಿಂದೆ ಇನ್ನೊಂದು ಅವಿತಿರುತ್ತೆ. ಕೈಯಲ್ಲಿ ಬರೆಯೋಕೆ ಕೂತರೆ ಕಣ್ಣು ಒಂದೊಂದೇ ವೈರಿನ ಬೆನ್ನು ಹತ್ತಿ ಕೊನೆ ಮುಟ್ಟುತ್ತೆ.

ಇಲಿ ಕಡಿದ ಸೆಟ್ಟಲ್ಲಿ ಒಂದು ಅನುಕೂಲ ಇದೆ, ಎರಡು ಕಡೆಗೂ ಮೋಟು ಉಳಿದಿರುತ್ತೆ. ಮನುಷ್ಯ ಬಿಚ್ಚಿದ್ದರೆ ಗುರುತೇ ಇರ್ತಿರಲಿಲ್ಲ. ಹತ್ತಿಗೆ ಸ್ಪಿರಿಟ್ ಮುಟ್ಟಿಸಿ ಮೋಟಿನ ಬುಡ ಒರೆಸಿ, ಬಾಗಿದ ಒಳಮಗ್ಗುಲಲ್ಲಿ ಹಳೇ ಬಣ್ಣ ಸಿಕ್ಕುತ್ತೆ. ಒಂದೊಂದು ಮೋಟಿಗೂ ಪೇಪರ್ ಟೇಪ್ ಅಂಟಿಸಿ ನಂಬರ್ ಹಾಕಿ. ಆ ಒಂಬತ್ತನೇದು ಸ್ಟೇಷನ್ ಹಿಡಿಯೋ ಗ್ಯಾಂಗ್ ಕಂಡೆನ್ಸರಿನ ಮೈಗೆ ಹೋಗೋ ಅರ್ಥ್ (ಇಡೀ ಸರ್ಕೀಟಿಗೆ ಸಾಮಾನ್ಯವಾದ ಲೈನು) ಇರಬೇಕು. ಟ್ಯೂನಿಂಗ್ ತಿರುಗಿಸಿದರೆ ಎಲೆ ಎಲೆಯಾಗಿ ಒಳಹೋಗುತ್ತಲ್ಲ, ಅದರ ಪಕ್ಕ ಒಂದು ಖಾಲಿ ಬೆಸುಗೆ ಗುಬುಟು ಇದೆಯಾ ನೋಡಿ.

ಲೈಸೆನ್ಸ್ ಪುಸ್ತಕ ಬಿಸಾಕಬೇಡಿ. ವರ್ಷ ವರ್ಷ ಪೋಸ್ಟಾಫೀಸಿಗೆ ದುಡ್ಡು ಕಟ್ಟಿ ರೇಡಿಯೊ ಕೇಳ್ತಿದ್ದ ಕಾಲದ್ದು.

ಸೀರೀಸ್ ಬಲ್ಬು, ಮಂಡ್ಯ

ನಾನು ಪಂಪ್‌ಸೆಟ್ ಮೋಟ್ರು ವೈಂಡಿಂಗ್ ಮಾಡೋನು, ರೇಡಿಯೊ ನನ್ನ ಕಸುಬಲ್ಲ. ಆದ್ರೂ ಒಂದ್ ಮಾತು ಏಳ್ತೀನಿ ಕೇಳು ತಮ್ಮ. ಶೆಲ್ಲಿನ ವೈರು ಎಲ್ಡನ್ನೂ ಅಂದಾಜಿನ ಮೇಲೆ ಕೂಡುಸ್ಬೇಡ ಕನಪ್ಪ. ಉಲ್ಟಾ ಕೊಟ್ರೆ ಹಳೇ ಟ್ರಾನ್ಸಿಸ್ಟ್ರು ಶಿವಾ ಅಂತವೆ. ಅಂಗ್ಡೀಲಿ ಹೊಸದು ಸಿಗಾಕಿಲ್ಲ.

ಪಾಂಡವಪುರದ ಹೈದ

ಸಾರ್, ಗುಬುಟು ಇದೆ! ಗ್ಯಾಂಗಿನ ಕಾಲ ಹತ್ತಿರ, ಮೇಲೆ ಕೂದಲಷ್ಟು ಮೋಟು. ಒಂಬತ್ತನೇದು ಅದೇ.

ಶೆಲ್ಲಿನ ಎರಡು ವೈರಲ್ಲಿ ಒಂದು ಕೆಂಪು, ಒಂದು ಕಪ್ಪು ಅಂತ ಈಗ ಕಾಣ್ತಿದೆ. ಕಪ್ಪು ಮೈನಸ್ ತಾನೆ, ಅದನ್ನ ಅರ್ಥಿಗೆ ಕೊಟ್ಟರೆ ಆಯ್ತಲ್ಲ?

ಹಳೇ ಮೆಕ್ಯಾನಿಕ್

ನಿಲ್ಲಿ ನಿಲ್ಲಿ. ಮಂಡ್ಯದವರು ಹೇಳಿದ್ದು ಇದಕ್ಕೇ.

ಈಗಿನ ಸರ್ಕೀಟಲ್ಲಿ ಮೈನಸ್ಸೇ ಅರ್ಥ್. ಜರ್ಮೇನಿಯಂ ಟ್ರಾನ್ಸಿಸ್ಟರ್ ಕಾಲದ ಸೆಟ್ಟಲ್ಲಿ ಬಹಳ ಸಲ ಪ್ಲಸ್ ಅರ್ಥ್ ಆಗಿರುತ್ತೆ, ಯಾಕಂದ್ರೆ ಒಳಗಿನ ಟ್ರಾನ್ಸಿಸ್ಟರುಗಳು ಪಿಎನ್‌ಪಿ ಅನ್ನೋ ಜಾತಿ. ಸ್ಪೀಕರ್ ಹತ್ತಿರ ಬೆಳ್ಳಿ ಬಣ್ಣದ ಟೋಪಿ ತರದ ಎರಡು ಟ್ರಾನ್ಸಿಸ್ಟರ್ ಇರುತ್ತೆ, ತಗಡಿನ ಪಟ್ಟಿ ಸುತ್ತಿರ್ತಾರೆ. ಮೇಲೆ ಎಸಿ128 ಅಂತ ಇದ್ದರೆ ಅದು ಪಿಎನ್‌ಪಿ. ಅಷ್ಟಕ್ಕೇ ನಂಬಬೇಡಿ. ಸ್ವಿಚ್ಚಿನಿಂದ ಬೋರ್ಡಿಗೆ ಬರೋ ಲೈನಿಗೂ ಅರ್ಥಿಗೂ ನಡುವೆ ಒಂದು ದಪ್ಪ ಎಲೆಕ್ಟ್ರೋಲಿಟಿಕ್ ಕಂಡೆನ್ಸರ್ ಕೂತಿರುತ್ತೆ. ಅದರ ಪ್ಲಸ್ ಕಾಲು ಯಾವ ಕಡೆಗೆ ಹೋಗಿದೆ? ಅರ್ಥಿಗೆ ಹೋಗಿದ್ದರೆ ಕೆಂಪು ವೈರು ಅರ್ಥಿಗೆ, ಕಪ್ಪು ಸ್ವಿಚ್ಚಿಗೆ. ಎರಡೂ ಸಾಕ್ಷಿ ಒಂದೇ ಮಾತು ಹೇಳಬೇಕು. ಇಲ್ಲದಿದ್ದರೆ ಇಲ್ಲಿ ಬಂದು ಕೇಳಿ.

ಪಾಂಡವಪುರದ ಹೈದ

ಎಸಿ128 ಎರಡು ಇವೆ. ಕಂಡೆನ್ಸರಿನ ಪ್ಲಸ್ ಅರ್ಥಿಗೇ ಹೋಗಿದೆ. ನಾನು ಮಾಡೋಕೆ ಹೊರಟಿದ್ದು ಪೂರ್ತಿ ಉಲ್ಟಾ. ಕೈಕಾಲು ತಣ್ಣಗಾಯ್ತು.

ಇನ್ನೊಂದು. ಹಳೇ ಶೆಲ್ಲು ಎರಡು ಒಳಗೇ ಇದ್ದವು, ಹೊಟ್ಟೆ ಒಡೆದು ಸ್ಪ್ರಿಂಗಿಗೆಲ್ಲ ಬೆಳ್ಳಗೆ, ಹಸಿರಗೆ ಹಿಡಿದಿದೆ. ವೈರಿನ ಬಟ್ಟೆ ಸುಲಿದರೆ ಒಳಗಿನ ತಾಮ್ರ ಕರ್ರಗೆ.

ಒಂಟಿಕೊಪ್ಪಲು

ಶೆಲ್ಲಿನ ಜಾತಿ ನೋಡಿ ಮದ್ದು ಹಾಕಬೇಕು. ಹಳೆಯ ಸಾದಾ ಸತು-ಇಂಗಾಲದ ಶೆಲ್ ಸೋರಿದರೆ ಅದು ಆಮ್ಲದ ಕಡೆ, ಅದಕ್ಕೆ ಅಡುಗೆ ಸೋಡ ಕಲಸಿದ ನೀರು. ಈಗಿನ ಆಲ್ಕಲೈನ್ ಶೆಲ್ ಸೋರಿದರೆ ಕ್ಷಾರ, ಅದಕ್ಕೆ ನಿಂಬೆರಸ ಅಥವಾ ವಿನೆಗರ್. ನಿಮ್ಮದು ತಾತನ ಕಾಲದ್ದಾದ್ದರಿಂದ ಸೋಡ. ಹಳೆಯ ಹಲ್ಲುಜ್ಜುವ ಬ್ರಷ್ಷಿನಲ್ಲಿ ಉಜ್ಜಿ, ಒದ್ದೆ ಬಟ್ಟೆಯಿಂದ ಒರೆಸಿ, ಒಂದು ದಿನ ಒಣಗಲು ಬಿಡಿ. ಬೋರ್ಡಿನ ಮೇಲೆ ನೀರು ಸುರಿಯಬೇಡಿ.

ಕಪ್ಪಾದ ತಾಮ್ರದ ಮೇಲೆ ಬೆಸುಗೆ ಕೂರುವುದಿಲ್ಲ. ಶೆಲ್ಲಿನ ರಸ ವೈರಿನ ಎಳೆಗಳ ಸಂದಿನಲ್ಲಿ ದೀಪದ ಬತ್ತಿಗೆ ಎಣ್ಣೆ ಏರುವಂತೆ ಏರಿರುತ್ತದೆ. ಹೊಳೆಯುವ ತಾಮ್ರ ಸಿಗುವವರೆಗೆ ಕತ್ತರಿಸುತ್ತ ಹೋಗಿ. ಸಿಗದಿದ್ದರೆ ಆ ಎರಡು ವೈರನ್ನು ಪೂರ್ತಿ ಹೊಸದು ಹಾಕುವುದೇ ಸರಿ.

ರಂಗನತಿಟ್ಟಿನ ಕೊಕ್ಕರೆ

ನಡುವೆ ಬಾಯಿ ಹಾಕ್ತಿದ್ದೀನಿ, ಕ್ಷಮಿಸಿ. ನಮ್ಮನೇಲೂ ಮಾವನೋರ ಕಾಲದ ವಾಲ್ವ್ ರೇಡಿಯೊ ಇದೆ. ವೈರೆಲ್ಲ ನೆಟ್ಟಗಿರೋ ಹಾಗೆ ಕಾಣುತ್ತೆ. ಸುಮ್ಮನೆ ಒಂದ್ಸಲ ಪ್ಲಗ್ ಹಾಕಿ ನೋಡಲಾ?

ಹಳೇ ಮೆಕ್ಯಾನಿಕ್

ಬೇಡ.

ಸೀರೀಸ್ ಬಲ್ಬು, ಮಂಡ್ಯ

ಬ್ಯಾಡ ಕನಣ್ಣ, ಬ್ಯಾಡ!

ಹಳೇ ಮೆಕ್ಯಾನಿಕ್

ಒಂದೇ ಪದ ಬರೆದು ಹೋದೆ, ಸರಿಯಲ್ಲ. ಕಾರಣ ಹೇಳ್ತೀನಿ. ವಾಲ್ವ್ ಸೆಟ್ಟಲ್ಲಿ ಎರಡು ಜಾತಿ. ಒಂದರಲ್ಲಿ ಟ್ರಾನ್ಸ್‌ಫಾರ್ಮರ್ ಇರುತ್ತೆ. ಇನ್ನೊಂದು ಎಸಿ-ಡಿಸಿ ಸೆಟ್ಟು, ಅದರ ಚಾಸಿಗೆ (ಒಳಗಿನ ತಗಡಿನ ಚೌಕಟ್ಟು) ನೇರವಾಗಿ ಕರೆಂಟಿನ ಒಂದು ವೈರು ಬಂದಿರುತ್ತೆ. ವಾಲ್ವಿನ ನಂಬರ್ ಯುಸಿಎಚ್, ಯುಬಿಎಫ್, ಯುಸಿಎಲ್ ಅಂತ ಯು ಅಕ್ಷರದಿಂದ ಶುರುವಾದರೆ ಈ ಜಾತಿ ಅಂತ ತಿಳಕೊಳ್ಳಿ. ಪ್ಲಗ್ ತಿರುವು ಮುರುವು ಆದರೆ 230 ವೋಲ್ಟು ಚಾಸಿ ಮೇಲೆ. ನಾಬ್ ಕಳಚಿಹೋಗಿ ಬರೀ ಕಬ್ಬಿಣದ ದಿಂಡು ಮುಟ್ಟಿದರೂ ಸಾಕು.

ನೆಟ್ಟಗೆ ಕಾಣೋ ವೈರಿನ ಮಾತು. ಆ ಕಾಲದ ರಬ್ಬರ್ ವೈರು ಮುಟ್ಟದಿದ್ದರೆ ನೆಟ್ಟಗೇ ಇರುತ್ತೆ, ಬಗ್ಗಿಸಿದರೆ ಹುರಿಗಾಳಿನ ಸಿಪ್ಪೆ ತರ ಉದುರುತ್ತೆ. ಒಳಗಿನ ಪೇಪರ್ ಕಂಡೆನ್ಸರುಗಳು ಸೋರ್ತಿರುತ್ತವೆ. ಬಿಚ್ಚಿ ನೋಡದೆ ಕರೆಂಟ್ ಕೊಡೋ ಮಾತೇ ಇಲ್ಲ.

ಸೀರೀಸ್ ಬಲ್ಬು, ಮಂಡ್ಯ

ನನ್ನ ಹೆಸ್ರೇ ಸೀರೀಸ್ ಬಲ್ಬು, ಅದ್ರ ಬಗ್ಗೆ ನಾನೇ ಏಳ್ಬೇಕು. 60 ವ್ಯಾಟಿನ ಹಳೇ ಬುರುಡೆ ಬಲ್ಬು (ಎಲ್ಇಡಿ ಅಲ್ಲ) ಸೀರೀಸಲ್ಲಿ ಹಾಕಿ ಕರೆಂಟ್ ಕೊಟ್ರೆ, ಒಳಗೆ ಶಾರ್ಟ್ ಇದ್ರೆ ಬಲ್ಬು ಪೂರ್ತಿ ಉರೀತದೆ, ಸೆಟ್ಟು ಉಳ್ಕತದೆ. ಆದ್ರೆ ಅದು ಸೆಟ್ಟಿಗೆ ಕಾವಲು, ನಿನ್ಗಲ್ಲ. ಬಲ್ಬು ಹಾಕಿವ್ನಿ ಅಂತ ಚಾಸಿ ಮುಟ್ಟುದ್ರೆ ಒದ್ದೇ ಒದೀತದೆ.

ರಂಗನತಿಟ್ಟಿನ ಕೊಕ್ಕರೆ

ಶೋಕೇಸಲ್ಲೇ ಇರಲಿ ಬಿಡಿ.

ಪಾಂಡವಪುರದ ಹೈದ

ಶೆಲ್ಲಿನ ಮನೆ ತೊಳೆದು ಒಣಗಿಸಿದೆ. ಎರಡು ವೈರೂ ಹೊಸದು ಹಾಕ್ತೀನಿ. ಆದರೆ ಬೆಸುಗೆ ಬರ್ತಿಲ್ಲ. ಬೇರೆ ತುಂಡು ವೈರಲ್ಲಿ ಅಭ್ಯಾಸ ಮಾಡ್ತಿದ್ದೀನಿ. ಸೀಸ (ಸೋಲ್ಡರು) ಉಂಡೆಯಾಗಿ ನಿಲ್ಲುತ್ತೆ, ಎಳೆದರೆ ವೈರು ಹಾಗೇ ಈಚೆ ಬರುತ್ತೆ. ಐರನ್ ಸರಿ ಇಲ್ವೇನೋ?

ಹಳೇ ಮೆಕ್ಯಾನಿಕ್

ಐರನ್ ಸರಿಯಾಗೇ ಇದೆ. ಕೆಸುವಿನ ಎಲೆ ಮೇಲೆ ನೀರು ಬಿದ್ದರೆ ಹೇಗೆ ಮುತ್ತಾಗಿ ಉರುಳುತ್ತೆ? ನಿಮ್ಮ ಬೆಸುಗೆ ಹಾಗಿದೆ. ತೊಳೆದ ಗಾಜಿನ ಮೇಲೆ ನೀರು ಹೇಗೆ ತೆಳ್ಳಗೆ ಹರಡಿ ಹಿಡ್ಕೊಳ್ಳುತ್ತೆ, ಹಾಗಾಗಬೇಕು. ನಾವು ಡ್ರೈ ಸೋಲ್ಡರ್ ಅಂತೀವಲ್ಲ, ಅದು ಈ ಕೆಸುವಿನೆಲೆ ಬೆಸುಗೆ. ಇವತ್ತು ಹಾಡುತ್ತೆ, ನಾಳೆ ಡಬ್ಬ ತಟ್ಟಿದರೆ ಮಾತ್ರ ಹಾಡುತ್ತೆ.

ಚಿಕ್ಕಂದಿನಲ್ಲಿ ನಮ್ಮ ಬೀದಿಗೆ ಕಲಾಯಿಯವನು ಬರ್ತಿದ್ದ. ಹಿತ್ತಾಳೆ ಪಾತ್ರೆಯನ್ನ ಮೊದಲು ಮರಳು ಹಾಕಿ ಕಾಲಲ್ಲಿ ಉಜ್ಜೋನು. ಆಮೇಲೆ ತಿದಿ ಒತ್ತಿ ಕಾಯಿಸೋನು. ಕಾದಮೇಲೆ ನವಸಾಗರ ಎರಚಿದರೆ ಬುಸ್ಸಂತ ಹೊಗೆ. ಆಗ ತವರದ ಕಡ್ಡಿ ಒಂದ್ಸಲ ಮುಟ್ಟಿಸಿ ಹತ್ತಿಯಲ್ಲಿ ಒರೆಸಿದರೆ ಪಾತ್ರೆ ಪೂರ್ತಿ ಬೆಳ್ಳಿ. ತವರ ಎಷ್ಟು ಹಿಡೀತಿತ್ತು ಅಂದ್ರೆ ನಂಬಲ್ಲ, ಕಿರುಬೆರಳಿನ ಉಗುರಷ್ಟು. ಉಜ್ಜದೆ, ಕಾಯಿಸದೆ ಸೇರುಗಟ್ಟಲೆ ತವರ ಸುರಿದಿದ್ದರೂ ಹಿಡೀತಿರಲಿಲ್ಲ.

ವೈರಿಗೂ ಅದೇ ಕಲಾಯಿ. ಉಪ್ಪುಕಾಗದದಲ್ಲಿ ಉಜ್ಜಿ ತಾಮ್ರ ಹೊಳೀಬೇಕು. ಐರನ್ನಿನ ಮೂತಿ ಒದ್ದೆ ಬಟ್ಟೆಗೆ ಒರೆಸಿ ಬೆಳ್ಳಗಿರಬೇಕು. ಮೂತಿಯನ್ನ ವೈರಿನ ಕೆಳಗೆ ಕೊಡಿ, ಮೇಲಿಂದ ಸೋಲ್ಡರ್ ವೈರಿಗೆ ಮುಟ್ಟಿಸಿ, ಐರನ್ನಿಗಲ್ಲ. ವೈರೇ ಕಾದು ಸೀಸ ಎಳಕೊಳ್ಳಬೇಕು. ನೀವು ಮಾಡ್ತಿರೋದು ಐರನ್ನಿನ ಮೇಲೆ ಸೀಸ ಕರಗಿಸಿ ತಣ್ಣಗಿರೋ ವೈರಿಗೆ ಮೆತ್ತೋದು. ಅದು ಗಾರೆ ಕೆಲಸ.

ಎರಡು ತುದಿಗೂ ಕಲಾಯಿ ಆದಮೇಲೆ ಕೊಕ್ಕೆ ಮಾಡಿ ಒಂದಕ್ಕೊಂದು ಸಿಕ್ಕಿಸಿ, ಇಕ್ಕುಳದಲ್ಲಿ ಅದುಮಿ, ಆಮೇಲೆ ಒಂದು ಸಲ ಕಾಯಿಸಿ. ಸೀಸ ಮೆದು ಲೋಹ. ಎಳೆತ ತಡೆಯೋ ಕೆಲಸ ಕೊಕ್ಕೆದು. ಆರೋ ತನಕ ಅಲುಗಾಡಿಸಬೇಡಿ, ಬಾಯಲ್ಲಿ ಊದಬೇಡಿ. ಮೂರು ಸೆಕೆಂಡಲ್ಲಿ ಹಿಡೀಲಿಲ್ಲ ಅಂದ್ರೆ ಐರನ್ ತೆಗೆದು ಮತ್ತೆ ಉಜ್ಜಿ, ಒತ್ತಿ ಹಿಡಕೊಂಡು ಕೂರಬೇಡಿ. ಟ್ರಾನ್ಸಿಸ್ಟರ್ ಕಾಲಿಗೆ ಬೆಸುಗೆ ಹಾಕೋ ಪ್ರಸಂಗ ಬಂದರೆ ಕಾಲನ್ನ ಚಿಮಟದಲ್ಲಿ ಹಿಡ್ಕೊಳ್ಳಿ, ಬಿಸಿ ಚಿಮಟಕ್ಕೆ ಇಳಿಯುತ್ತೆ. ಜರ್ಮೇನಿಯಂ ಬಿಸಿ ತಡಿಯಲ್ಲ.

ಮದ್ದೂರು ವಡೆ

ಹಂಗಾದ್ರೆ ನವಸಾಗರನೂ ಹಾಕ್ಬೋದಾ ಯಜಮಾನ್ರೆ?

ಹಳೇ ಮೆಕ್ಯಾನಿಕ್

ತಮಾಷೆಗೂ ಹಾಕಬೇಡಿ. ಅದು ಪಾತ್ರೆಗೆ. ರೇಡಿಯೊಗೆ ರಾಳ, ರೋಸಿನ್ ಅಂತಾರೆ, ಅದು ಮಾತ್ರ. ಅಂಗಡೀಲಿ ಸಿಗೋ ಕೆಲವು ಪೇಸ್ಟಲ್ಲಿ ಆಸಿಡ್ ಇರುತ್ತೆ, ತಗಡು ಕೆಲಸದವರಿಗೆ ಮಾಡಿದ್ದು. ಬೆಸುಗೆ ಚೆನ್ನಾಗಿ ಹಿಡಿಯುತ್ತೆ, ಅದೇ ಮೋಸ. ವರ್ಷ ಕಳೆಯೋದರಲ್ಲಿ ಹಸಿರು ತಿಂದು ವೈರು ಬುಡದಲ್ಲಿ ಕಡಿದಿರುತ್ತೆ.

ಸೋಲ್ಡರು 60/40 ತಗೊಳ್ಳಿ, ಅರವತ್ತು ಪಾಲು ತವರ, ನಲವತ್ತು ಪಾಲು ಸೀಸ, ನಡುವೆ ರಾಳ ತುಂಬಿರೋದು. 183 ಡಿಗ್ರಿಗೆ ಕರಗೋಕೆ ಶುರುವಾಗಿ 190ರ ಹೊತ್ತಿಗೆ ನೀರಾಗುತ್ತೆ. ಸೀಸ ಇಲ್ಲದ ಹೊಸ ಬಗೆಯದು 217ರ ಮೇಲೆ ಕರಗೋದು, ಹಳೇ ಬೋರ್ಡಿಗೆ ಅಷ್ಟು ಬಿಸಿ ಯಾಕೆ ಕೊಡಬೇಕು. ಕೆಲಸ ಮುಗಿಸಿ ಕೈ ತೊಳೆಯದೆ ತಿಂಡಿಗೆ ಕೂರಬೇಡಿ, ಸೀಸ ಅದು.

ಪಾಂಡವಪುರದ ಹೈದ

ಹಿಡೀತು ಸಾರ್! ಉಜ್ಜಿದ್ದೇ ತಡ, ಸೀಸ ತಾನೇ ಓಡ್ತು. ಶೆಲ್ಲಿನ ಎರಡು, ಅರ್ಥ್ ಒಂದು, ಸ್ಪೀಕರ್ ಎರಡು ಆಯ್ತು. ಸ್ಪೀಕರಿಗೆ ಒಂದು ಶೆಲ್ಲು ಮುಟ್ಟಿಸಿದರೆ ಟಕ್ ಅಂತು.

ಸ್ಲೀವ್ (ಬೆಸುಗೆ ಮುಚ್ಚೋ ಸಣ್ಣ ಕೊಳವೆ) ಮೊದಲೇ ತೂರಿಸೋದು ಮರೆತು ಬೆಸುಗೆ ಹಾಕಿ ಮತ್ತೆ ಬಿಚ್ಚಿದ್ದು ಮೂರು ಸಲ.

ಆಮೇಲೆ ಒಂದು ವಿಷಯ. ಸ್ಪೀಕರಿನ ಒಂದು ವೈರನ್ನ ಇಲಿ ಕಡಿದಿರಲಿಲ್ಲ. ಬೆಸುಗೆಗೆ ಒಂದು ನೂಲು ಈಚೆ ತಾನೇ ಮುರಿದಿತ್ತು, ಮೇಲಿನ ಬಟ್ಟೆ ಮಾತ್ರ ಹಿಡ್ಕೊಂಡಿತ್ತು. ಸುತ್ತ ಹಸಿರು ಹಿಟ್ಟು. ಯಾರೋ ಹಿಂದೆ ರಿಪೇರಿ ಮಾಡಿರಬೇಕು.

ಹಳೇ ಮೆಕ್ಯಾನಿಕ್

ನೋಡಿದ್ರಾ, ಆಸಿಡ್ ಪೇಸ್ಟು. ಬಯ್ಯೋದಕ್ಕೆ ಹೋಗಲ್ಲ, ಅವನ ಕೈಗೆ ಅವತ್ತು ಸಿಕ್ಕಿದ್ದು ಅದೇ ಇರಬಹುದು.

ವೈರು ಮುರಿಯೋ ಜಾಗ ಅದೇ. ನಡುವೆ ಎಲ್ಲೂ ಮುರಿಯಲ್ಲ. ಸೀಸ ಎಳೆಗಳ ಒಳಗೆ ಏರಿ ಎಲ್ಲಿಗೆ ನಿಲ್ಲುತ್ತೋ, ಅಲ್ಲಿಯವರೆಗೆ ವೈರು ಕಡ್ಡಿ, ಅಲ್ಲಿಂದಾಚೆ ದಾರ. ಕಡ್ಡಿಗೂ ದಾರಕ್ಕೂ ಸೇರೋ ಗಡಿಯಲ್ಲಿ ಪ್ರತಿ ಸಲ ಬಾಗುತ್ತೆ. ಆಲೆಮನೆ ಮೊಳೆಯಿಂದ ದಿನಾ ತೆಗೆದು ಹಾಕಿದ ಸೆಟ್ಟು ಬೇರೆ. ಅದಕ್ಕೇ ಸ್ಲೀವನ್ನ ಬೆಸುಗೆ ದಾಟಿ ಅರ್ಧ ಇಂಚು ಆಚೆಗೂ ಇರೋ ಹಾಗೆ ಎಳೀರಿ. ಸೀಸ ಕಮ್ಮಿ ಹಾಕಿದಷ್ಟೂ ಕಡ್ಡಿ ಗಿಡ್ಡ.

ಈಗ ಕರೀ ಕಡ್ಡಿಯ ನಾಲ್ಕು. ಅದು ಫೆರೈಟು, ಈ ಸೆಟ್ಟಿನ ಆಂಟೆನಾ ಅದೇ, ಕೈಜಾರಿ ಬಿದ್ದರೆ ಮಡಕೆ ತರ ಎರಡು ತುಂಡು. ಹುಷಾರು.

ಒಂಟಿಕೊಪ್ಪಲು

ಆ ಸಣ್ಣ ವೈರನ್ನು ಭೂತಗನ್ನಡಿಯಲ್ಲಿ ನೋಡಿ ಹೇಳಿ, ಒಳಗೆ ಎಷ್ಟು ಎಳೆ ಇವೆ? ಹೊರಗೆ ರೇಷ್ಮೆ ಸುತ್ತಿದೆಯೆ?

ಪಾಂಡವಪುರದ ಹೈದ

ಹೌದು ಮೇಡಂ, ರೇಷ್ಮೆ ತರದ್ದು. ಒಳಗೆ ಕೂದಲಿನಂಥ ಎಳೆ ಏಳು. ಮೀಟರ್ ಇಟ್ಟು ನೋಡಿದೆ. ಒಂದು ಜೊತೆ 0.4 ಓಮ್ ತೋರಿಸ್ತಿದೆ. ಇನ್ನೊಂದು ಜೊತೆ ಏನೂ ತೋರಿಸ್ತಿಲ್ಲ. ಸುರುಳಿ ಒಳಗೇ ಕಡಿದಿದೆಯಾ?

ಒಂಟಿಕೊಪ್ಪಲು

ಕಡಿದಿರಲಾರದು. ಒಂದೊಂದು ಎಳೆಗೂ ವಿದ್ಯುತ್ತು ದಾಟದ ಎನಾಮಲ್ ಬಣ್ಣ ಬಳಿದಿರುತ್ತದೆ. ನಿಮ್ಮ ಮೀಟರಿನ ಕಡ್ಡಿಯ ಮೊನೆ ಬಣ್ಣದ ಮೇಲೆ ಕೂತಿದೆ, ತಾಮ್ರಕ್ಕೆ ತಗುಲಿಲ್ಲ.

ಕಾಲೇಜಿನ ಭೌತಶಾಸ್ತ್ರ ಪ್ರಯೋಗಾಲಯದಲ್ಲಿ ಇದನ್ನು ತುಂಬಾ ಬಾರಿ ಕಟ್ಟಿದ್ದೇನೆ. ಲಿಟ್ಸ್ ವೈರ್ ಎನ್ನುತ್ತಾರೆ. ರೇಡಿಯೊ ಆವರ್ತನದ ವಿದ್ಯುತ್ತು ತಂತಿಯ ತಿರುಳಿನೊಳಕ್ಕೆ ಇಳಿಯುವುದಿಲ್ಲ, ತೊಗಟೆಯಲ್ಲೇ ಹರಿಯುತ್ತದೆ. ಸೆಕೆಂಡಿಗೆ ಹತ್ತು ಲಕ್ಷ ಆವರ್ತನದಲ್ಲಿ ತಾಮ್ರದಲ್ಲಿ ಆ ತೊಗಟೆಯ ದಪ್ಪ ಮಿಲಿಮೀಟರಿನ ಹದಿನೈದರಲ್ಲಿ ಒಂದು ಪಾಲು. ದಪ್ಪ ತಂತಿ ಹಾಕಿದರೆ ಒಳಗಿನ ತಾಮ್ರ ದಂಡ. ಅದಕ್ಕಾಗಿ ಸಣ್ಣ ಎಳೆಗಳಿಗೆ ಒಂದೊಂದಕ್ಕೂ ಪ್ರತ್ಯೇಕವಾಗಿ ಎನಾಮಲ್ ಬಳಿದು ಹೊಸೆದಿದ್ದಾರೆ. ತುದಿಯಲ್ಲಿ ಮಾತ್ರ ಏಳೂ ಎಳೆ ಕೂಡಬೇಕು. ನಾಲ್ಕು ಕೂಡಿ ಮೂರು ಬಿಟ್ಟರೆ ರೇಡಿಯೊ ಮಾತಾಡುತ್ತದೆ, ಆದರೆ ಕಿವಿ ಮಂದವಾಗುತ್ತದೆ.

ಸೀರೀಸ್ ಬಲ್ಬು, ಮಂಡ್ಯ

ಎನಾಮಲ್ ವೈರು ನಮ್ಮ ಕೆಲ್ಸ! ಬ್ಲೇಡಲ್ಲಿ ಕೆರೆದ್ರೆ ಸರೋಯ್ತದೆ ಬುಡು.

ಹಳೇ ಮೆಕ್ಯಾನಿಕ್

ನಿಮ್ಮ ಮೋಟ್ರು ವೈರು ಹೊಲಿಗೆ ಸೂಜಿ ದಪ್ಪ, ಇದು ಕೂದಲು. ಬ್ಲೇಡ್ ಇಟ್ಟರೆ ಎಳೆಯೇ ಹೋಗುತ್ತೆ. ಐರನ್ ಮೂತಿ ಮೇಲೆ ರಾಳ ಇರೋ ಸೀಸದ ದೊಡ್ಡ ಹನಿ ಮಾಡಿ, ತುದಿಯನ್ನ ಅದರೊಳಗೆ ಎರಡು ಮೂರು ಸೆಕೆಂಡ್ ಮುಳುಗಿಸಿ. ಕೆಲವು ಬಣ್ಣ ಅಷ್ಟಕ್ಕೇ ಸುಟ್ಟುಹೋಗುತ್ತೆ. ಹಳೇ ಗಟ್ಟಿ ಬಣ್ಣ ಹೋಗದಿದ್ದರೆ ತುಂಬ ನಯವಾದ ಉಪ್ಪುಕಾಗದ ಮಡಿಸಿ, ನಡುವೆ ತುದಿ ಇಟ್ಟು, ಮೆಲ್ಲಗೆ ಒಂದೇ ದಿಕ್ಕಿಗೆ ಎಳೀರಿ. ಹಿಂದೆ ನಾವು ಆಸ್ಪಿರಿನ್ ಮಾತ್ರೆ ಮೇಲೆ ತುದಿ ಇಟ್ಟು ಐರನ್ ಒತ್ತುತಿದ್ವಿ, ಬಣ್ಣ ಲಕ್ಷಣವಾಗಿ ಬಿಡ್ತಿತ್ತು. ಹೊಗೆ ಮಾತ್ರ ಕಣ್ಣು ಮೂಗು ಕಿತ್ತು ಬರೋದು. ಅದೂ ಒಂಥರ ಆಸಿಡ್ಡೇ, ಆಮೇಲೆ ಸ್ಪಿರಿಟಲ್ಲಿ ತೊಳೀದಿದ್ದರೆ ಮತ್ತೆ ಹಸಿರು. ನಿಮಗೆ ಬೇಡ.

ಸೀರೀಸ್ ಬಲ್ಬು, ಮಂಡ್ಯ

ಆಯ್ತು ಗುರುಗಳೆ, ಕೂದ್ಲು ನಿಮ್ದು, ಸೂಜಿ ನಮ್ದು.

ಪಾಂಡವಪುರದ ಹೈದ

ನಿನ್ನೆ ರಾತ್ರಿ ಹನ್ನೆರಡರ ತನಕ ಕೂತು ನಾಲ್ಕೂ ಮುಗಿಸಿದೆ. ಸೀಸದ ಹನಿಗೆ ಬಣ್ಣ ಬಿಡಲಿಲ್ಲ, ಉಪ್ಪುಕಾಗದವೇ ಗತಿ. ಈಗ ದೊಡ್ಡ ಸುರುಳಿ 3.6 ಓಮ್, ಚಿಕ್ಕದು 0.4.

ಶೆಲ್ಲು ಹಾಕಬಹುದಾ?

ಸೀರೀಸ್ ಬಲ್ಬು, ಮಂಡ್ಯ

ನೇರವಾಗಿ ಹಾಕ್ಬೇಡ. 6 ವೋಲ್ಟಿನ ಟಾರ್ಚ್ ಬಲ್ಬು ಒಂದನ್ನ ಸೀರೀಸಲ್ಲಿ ಹಾಕು. ಉರಿದ್ರೆ ತಕ್ಷಣ ಕಿತ್ತಾಕು. ಉರೀದಿದ್ರೆ ಮೀಟ್ರು ಹಾಕಿ ಎಷ್ಟು ಮಿಲಿ ಆಂಪ್ಸ್ ಅಂತ ನೋಡು.

ಹಳೇ ಮೆಕ್ಯಾನಿಕ್

ವಾಲ್ಯೂಮ್ ಸೊನ್ನೆಗಿಟ್ಟಾಗ ಹತ್ತರಿಂದ ಇಪ್ಪತ್ತು ಮಿಲಿ ಆಂಪ್ಸ್ ಒಳಗಿದ್ದರೆ ಆರೋಗ್ಯ. ನೂರು ದಾಟಿದರೆ ಆಫ್ ಮಾಡಿ.

ಪಾಂಡವಪುರದ ಹೈದ

ಬಲ್ಬು ಉರೀಲಿಲ್ಲ. 14 ಮಿಲಿ ಆಂಪ್ಸ್. ವಾಲ್ಯೂಮ್ ಏರಿಸಿದರೆ ಬರಬರ ಸದ್ದು, ಆಮೇಲೆ ಮಳೆ ಬಂದಂಗೆ ಸೊಂಯ್ ಅಂತಿದೆ! ಅಜ್ಜಿಗೆ ಫೋನ್ ಮಾಡಿ ಕೇಳಿಸಿದೆ.

ಆದರೆ ಮೈಸೂರು ಆಕಾಶವಾಣಿ ಬರ್ತಿಲ್ಲ. ಮುಳ್ಳು ಈ ತುದಿಯಿಂದ ಆ ತುದಿಗೆ ಮೂರು ಸಲ ತಿರುಗಿಸಿದೆ. ಸ್ಟೇಷನ್ನು ಇರೋ ಯಾದವಗಿರಿ ನಮ್ಮ ರೂಮಿಂದ ಕೂಗಳತೆ. ಸುರುಳಿ ವೈರು ಅದಲುಬದಲು ಮಾಡಿಬಿಟ್ಟೆನಾ?

ಒಂಟಿಕೊಪ್ಪಲು

ನಿಮ್ಮ ವೈರಿನದಲ್ಲ ತಪ್ಪು. ಮೈಸೂರು ಈಗ ಬರುವುದು ಎಫ್‌ಎಂನಲ್ಲಿ, 100.6ರಲ್ಲಿ. ನಿಮ್ಮ ತಾತನ ಪೆಟ್ಟಿಗೆಯಲ್ಲಿ ಎಫ್‌ಎಂ ಇಲ್ಲ. ಎಷ್ಟು ಚೆನ್ನಾಗಿ ಬೆಸುಗೆ ಹಾಕಿದರೂ ಬರುವುದಿಲ್ಲ.

ಒಂಟಿಕೊಪ್ಪಲಿನವಳಾಗಿ ಇದನ್ನು ಬರೆಯುವಾಗ ಸ್ವಲ್ಪ ಕಸಿವಿಸಿ. ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲೇ ಸಣ್ಣ ಟ್ರಾನ್ಸ್‌ಮಿಟರ್ ಇಟ್ಟು ಪ್ರಸಾರ ಶುರು ಮಾಡಿದ್ದು ಈ ಬಡಾವಣೆಯಲ್ಲಿ. ಆಕಾಶವಾಣಿ ಎಂಬ ಹೆಸರು ಆ ನಿಲಯದ್ದು, ದೇಶದ ರೇಡಿಯೊಗೆಲ್ಲ ಅದೇ ಹೆಸರಾದದ್ದು ಆಮೇಲೆ. ಆ ಊರಿನಲ್ಲೇ ಕೂತು ಹಳೆಯ ರೇಡಿಯೊಗೆ ಆ ಊರಿನ ನಿಲಯ ಸಿಗದು.

ಬೆಂಗಳೂರು ಹುಡುಕಿ. 612 ಕಿಲೋಹರ್ಟ್ಸ್, ಮೀಡಿಯಂ ವೇವ್.

ಪಾಂಡವಪುರದ ಹೈದ

ಡಯಲ್ಲಲ್ಲಿ 612 ಅಂತ ಎಲ್ಲೂ ಇಲ್ಲ ಮೇಡಂ. 200, 250, 300, 400, 500 ಅಂತ ಇದೆ.

ಒಂಟಿಕೊಪ್ಪಲು

ಅದು ಮೀಟರು, ಅಲೆಯ ಉದ್ದ. ಮೂರು ಲಕ್ಷವನ್ನು 612ರಿಂದ ಭಾಗಿಸಿ. 490. ಐನೂರಕ್ಕೆ ಒಂದು ಕೂದಲು ಈಚೆ.

ಪಾಂಡವಪುರದ ಹೈದ

ಬಂತು!!! ಕನ್ನಡ! ಆದರೆ ತುಂಬಾ ಸಣ್ಣಗೆ. ಕಿವಿ ಸ್ಪೀಕರಿಗೆ ಇಟ್ಟರೆ ಕೇಳುತ್ತೆ. ಡಬ್ಬ ತಿರುಗಿಸಿದರೆ ಒಂದು ದಿಕ್ಕಲ್ಲಿ ಸ್ವಲ್ಪ ಜಾಸ್ತಿ, ಇನ್ನೊಂದು ದಿಕ್ಕಲ್ಲಿ ಮಾಯ.

ಹಳೇ ಮೆಕ್ಯಾನಿಕ್

ತಿರುಗಿಸಿದರೆ ಹೆಚ್ಚು ಕಮ್ಮಿ ಆಗೋದು ಸರಿ, ಕಡ್ಡಿಯ ಮಗ್ಗುಲು ನಿಲಯದ ಕಡೆಗಿರಬೇಕು, ತುದಿ ಅಲ್ಲ. ಸಣ್ಣಗೆ ಬರೋದಕ್ಕೆ ಮೇಡಂ ಆಗಲೇ ಹೇಳಿದ್ದಾರೆ. ನಾಲ್ಕು ತುದಿಯನ್ನೂ ಭೂತಗನ್ನಡಿಯಲ್ಲಿ ನೋಡಿ ಎಳೆ ಎಣಿಸಿ.

ಪಾಂಡವಪುರದ ಹೈದ

ಎಣಿಸಿದೆ. ಮೂರು ತುದಿಯಲ್ಲಿ ಏಳಕ್ಕೆ ಏಳು. ನಾಲ್ಕನೇ ತುದಿಯಲ್ಲಿ ನಾಲ್ಕೇ ಹಿಡಿದಿವೆ. ಮೂರು ಎಳೆ ಬೆಸುಗೆ ಪಕ್ಕದಲ್ಲಿ ಬೆಕ್ಕಿನ ಮೀಸೆ ತರ ನಿಂತಿವೆ. ರಾತ್ರಿ ಹನ್ನೆರಡು ಗಂಟೆಗೆ ಮಾಡಿದ್ದು ಅದೇ ತುದಿ.

ಬಿಚ್ಚಿ, ಸುರುಳಿಯಿಂದ ಅರ್ಧ ಸುತ್ತು ಬಿಡಿಸಿಕೊಂಡು, ಮತ್ತೆ ಉಜ್ಜಿ ಹಾಕಿದೆ. ಈಗ 2.1 ಓಮ್.

ಒಂಟಿಕೊಪ್ಪಲು

3.6ರಿಂದ 2.1ಕ್ಕೆ ಇಳಿದಿದೆ. ಕೂಡಿದ ಎಳೆ ಕಡಿಮೆಯಾದಷ್ಟೂ ಓಮ್ ಹೆಚ್ಚು. ಆ 3.6 ಹೇಳಿದಾಗಲೇ ನಾನು ಗಮನಿಸಬೇಕಿತ್ತು.

ಹಳೇ ಮೆಕ್ಯಾನಿಕ್

ಅರ್ಧ ಸುತ್ತು ಬಿಡಿಸಿದ್ದೀರಿ, ಸುರುಳಿ ಜಾಗವೂ ಕದಲಿರುತ್ತೆ. ಮೇಣ ಒಡೆದಿದೆಯಾ? ಬೆಂಗಳೂರು ಹಿಡ್ಕೊಂಡು, ಸುರುಳಿಯ ರಟ್ಟಿನ ಕೊಳವೆಯನ್ನ ಕಡ್ಡಿ ಮೇಲೆ ಕೂದಲು ಕೂದಲು ಹಿಂದೆ ಮುಂದೆ ಜರುಗಿಸಿ. ಒಂದು ಕಡೆ ಸದ್ದು ಉಕ್ಕಿ ಬರುತ್ತೆ. ಅಲ್ಲಿ ನಿಲ್ಲಿಸಿ ಎರಡು ಹನಿ ಮೇಣದಬತ್ತಿ ಬಿಡಿ. ಫೆವಿಕ್ವಿಕ್ ಹಾಕಿದರೆ ನಮ್ಮಿಬ್ಬರಿಗೂ ಜಗಳ.

ಪಾಂಡವಪುರದ ಹೈದ

ಭಾನುವಾರ ಊರಿಗೆ ತಗೊಂಡು ಹೋಗಿದ್ದೆ. ಸಾಯಂಕಾಲ ಜಗಲಿ ಮೇಲಿಟ್ಟು ಹಾಕಿದರೆ ಬೆಂಗಳೂರು ಬೀದಿ ಕೊನೆ ತನಕ ಕೇಳ್ತಿತ್ತು. ಕತ್ತಲಾದಮೇಲೆ ತಮಿಳು, ಹಿಂದಿ, ಇನ್ನೇನೇನೋ ಒಂದರ ಮೇಲೊಂದು ಬಂದವು. ಹಿಂದೆ ಕೊಪ್ಪರಿಗೆ ಕಾಯ್ತಿದ್ದ ಒಬ್ಬರು ದೊಡ್ಡಪ್ಪ ಬಂದು, ಮುಳ್ಳು ನೋಡದೆ, ಬೆರಳಲ್ಲೇ ತಿರುಗಿಸಿ ಬೆಂಗಳೂರಿಗೆ ನಿಲ್ಲಿಸಿದರು. ಅಜ್ಜಿ ಒಳಗಿಂದ "ಸವಂಡು ಕಮ್ಮಿ ಮಾಡ್ಲಾ, ಶೆಲ್ಲು ಇಳಿದೋಯ್ತದೆ" ಅಂದ್ರು. ತಾತನಿಗೂ ಇದನ್ನೇ ಅಂತಿದ್ದರಂತೆ.

ಇನ್ನೊಂದು ಡೌಟು. ದೊಡ್ಡಪ್ಪ ತಿರುಗಿಸಿದ ರಭಸಕ್ಕೆ ಡಯಲ್ ದಾರ ಜಾರ್ತಿದೆ, ಮುಳ್ಳು ಅರ್ಧಕ್ಕೆ ನಿಲ್ಲುತ್ತೆ. ಮೀನು ಹಿಡಿಯೋ ನೈಲಾನ್ ಗಾಳದ ದಾರ ಹಾಕಬಹುದಾ?

ಹಳೇ ಮೆಕ್ಯಾನಿಕ್

ಗಾಳದ್ದು ಬೇಡ, ನುಣುಪು, ಅದೂ ಜಾರುತ್ತೆ. ಹೆಣೆದ ನೈಲಾನ್ ದಾರ ತಗೊಳ್ಳಿ. ಹಳೇದನ್ನ ಬಿಚ್ಚೋಕೆ ಮುಂಚೆ ಚಕ್ರಗಳ ಮೇಲೆ ಯಾವ ಕಡೆಯಿಂದ ಎಷ್ಟು ಸುತ್ತು ಹೋಗಿದೆ ಅಂತ...

ಮದ್ದೂರು ವಡೆ

...ಒಂದು ಹಾಳೆ, ಒಂದು ಪೆನ್ಸಿಲ್ಲು.